ಖಾಲಿ ಉಳಿದ ಎರಡನೆಯ ಗೆರೆ

ಅಕ್ಕನ ಶವದ ಕಾಲ ಬಳಿ ಹೂವಿಡಲು ಬಗ್ಗಿದ ಹೆಂಗಸಿನ ಮೂಗಿನಡಿಗೇ ಅವನು ಕಾಗದ ಹಿಡಿದ. "ಮೇಡಂ, ಇಲ್ಲಿ ನಿಮ್ಮ ಹೆಸರು ಬರೀತೀರಾ?"

ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಹಾಸಿಗೆ ಬಟ್ಟೆ ಮಡಿಸುವ ಅವನನ್ನು ಎಲ್ಲರೂ ಇಸ್ತ್ರಿ ಎನ್ನುತ್ತಿದ್ದರು. ವಯಸ್ಸು ನಲವತ್ತಾರು, ಬುದ್ಧಿ ತುಸು ನಿಧಾನ. ಕಾಗದದಲ್ಲಿ ಇದ್ದದ್ದಿಷ್ಟು: ಮನೆ, ಕೆಲಸ, ಔಷಧಿ, ಎಲ್ಲದರ ತೀರ್ಮಾನವೂ ಅವನದೇ. ಕೆಳಗೆ ಹೆಸರು ಬರೆದವರು ಅವನಿಗೆ ಓದಿ, ಬಿಡಿಸಿ ಹೇಳಬೇಕು. ಮೊದಲ ಗೆರೆಯ ಮೇಲೆ ಅಕ್ಕನ ಹೆಸರಿತ್ತು, ಎರಡನೆಯದು ಖಾಲಿ.

ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಅಕ್ಕನ ಪಕ್ಕದ ಕಿಟಕಿಯವಳು ಆ ಹೆಂಗಸು. ಮೂವತ್ತು ವರ್ಷದಲ್ಲಿ ನಿಮ್ಮಕ್ಕ ಒಂದು ದಿನವೂ ಮುಖ ಗಂಟಿಕ್ಕಿದವಳಲ್ಲ ಎಂದು ಕಣ್ಣೊರೆಸಿಕೊಂಡಳು. ಕಾಗದವನ್ನು ಮಾತ್ರ ಬೆರಳ ತುದಿಯಿಂದ ಹಿಂದಕ್ಕೆ ತಳ್ಳಿದಳು. ಅಣ್ಣತಮ್ಮಂದಿರ ಜಗಳದಲ್ಲಿ ತಾನು ತಲೆ ಹಾಕುವುದಿಲ್ಲವಂತೆ.

*

ಆರು ವರ್ಷದ ಹಿಂದೆ ವಕೀಲೆ ಆ ಕಾಗದ ಬರೆದಾಗ, ಅಕ್ಕ ಒಂದೊಂದೇ ಸಾಲು ಓದಿದ್ದಳು. ಪ್ರತಿ ಸಾಲನ್ನೂ ಅವನು ತನ್ನ ಮಾತಿನಲ್ಲಿ ತಿರುಗಿ ಹೇಳಬೇಕು. ಹೇಳಲಾಗದಿದ್ದರೆ ಸಹಿ ಇಲ್ಲ. ಅದು ಅವಳ ಕಟ್ಟಳೆ.

ಇನ್ನೊಂದು ಹೆಸರೂ ಇರಲಿ ಎಂದಿದ್ದರು ವಕೀಲೆ.

"ಯಾಕೆ ಮೇಡಂ, ನಾನೇನು ನಾಳೆನೇ ಸಾಯ್ತೀನಾ?" ಎಂದು ಅಕ್ಕ ನಕ್ಕಿದ್ದಳು. ಇಸ್ತ್ರಿಯೂ ನಕ್ಕಿದ್ದ.

*

ಇವತ್ತು ಬೆಳಿಗ್ಗೆ ಅಣ್ಣ ಬೇರೊಂದು ಕಾಗದ ತಂದಿದ್ದ. ಇಸ್ತ್ರಿಯನ್ನು ಅಡುಗೆಮನೆಯಲ್ಲಿ ನಿಲ್ಲಿಸಿ ಅದನ್ನು ಓದಿ ಹೇಳಿದ.

"ಇನ್ಮೇಲೆ ನನ್ನ ಬದಲು ನೀನೇ ಹೂಂ ಅಂತೀಯ. ನೀನೇ ಊಹೂಂ ಅಂತೀಯ," ಎಂದ ಇಸ್ತ್ರಿ.

"ಅಷ್ಟೇ. ಅರ್ಥ ಆಯ್ತಲ್ಲ?"

"ಆಯ್ತು. ಅದಕ್ಕೇ ಬೇಡ."

"ಬೇಡ ಅಂತೀಯಲ್ಲ, ಅಲ್ಲಿಗೇ ಗೊತ್ತಾಯ್ತು ನಿನಗೆ ಅರ್ಥ ಆಗಿಲ್ಲ ಅಂತ." ಅಣ್ಣನ ದನಿಯಲ್ಲಿ ಸಿಟ್ಟಿರಲಿಲ್ಲ. ಸೋಮವಾರ ಕೋರ್ಟು, ಅಷ್ಟರೊಳಗೆ ಆ ಎರಡನೆಯ ಗೆರೆ ತುಂಬಿಸಿಕೊಂಡು ಬಂದರೆ ತನ್ನ ಕಾಗದ ಹರಿದುಹಾಕುತ್ತೇನೆ ಎಂದ. "ಎಲ್ಲರೂ ಇಲ್ಲೇ ಇದಾರಲ್ಲ. ಹೋಗು, ಕೇಳು."

ಇಸ್ತ್ರಿ ಕೇಳಿದ. ಲಾಂಡ್ರಿಯ ಮೇಲ್ವಿಚಾರಕ, ನನ್ನ ಸಹಿಯನ್ನೇ ಹೆಂಡತಿ ಹಾಕ್ತಾಳೆ ಮಾರಾಯ ಎಂದು ಪಕ್ಕದವರನ್ನು ನಗಿಸಿದ. ಚಿಕ್ಕಪ್ಪ ತಲೆ ಸವರಿ, ಹೋಗಿ ಏನಾದರೂ ತಿನ್ನು ಎಂದರು. ಎದುರುಮನೆಯವರಿಗೆ ಕನ್ನಡಕ ಸಿಗಲಿಲ್ಲ. ಅದು ಅವರ ಹಣೆಯ ಮೇಲೇ ಇತ್ತು. ಎಲ್ಲರೂ ಅಕ್ಕನನ್ನು ಬಾಯ್ತುಂಬ ಹೊಗಳಿದರು. ಅಂಥ ತಾಳ್ಮೆ ಯಾರಿಗೆ ಬರುತ್ತೆ ಎಂದರು. ಹೊರಗೆ ಗಾಡಿ ಬಂತು. ಅಕ್ಕನನ್ನು ಎತ್ತುವಾಗ ಮೇಲಿನ ಬಿಳಿ ಬಟ್ಟೆ ಸುಕ್ಕಾಯಿತು. ಇಸ್ತ್ರಿ ಓಡಿಹೋಗಿ ಮೂಲೆಗೆ ಮೂಲೆ ಹೊಂದಿಸಿದ. ಕಾಲಿಗಡ್ಡ ಬರಬೇಡ ಎಂದು ಯಾರೋ ಗದರಿದರು.

"ಎಲ್ಲರನ್ನೂ ಕೇಳಿದ್ಯಾ?" ಅಣ್ಣ ಬಾಗಿಲೆಳೆಯುತ್ತ ಕೇಳಿದ.

"ಹೂಂ."

"ಯಾರಾದ್ರೂ ಒಪ್ಪಿದ್ರಾ?"

"ಇಲ್ಲ."

"ನೋಡು. ನಿನಗೇ ಅಂತ ಒಬ್ಬರೂ ಇಲ್ಲ. ನಾನಿದೀನಿ."

ಅಣ್ಣ ಬೀಗ ಹಾಕಿ ಜಗ್ಗಿ ನೋಡಿದ. ಇಸ್ತ್ರಿ ಬೀಗದಕೈಗಾಗಿ ಕೈ ಚಾಚಿದ. ಅಣ್ಣ ಅದನ್ನು ಜೇಬಿಗಿಳಿಸಿ, ಚಾಚಿದ ಕೈಯನ್ನು ಹಿಡಿದುಕೊಂಡ. ಎಡಕ್ಕೂ ಬಲಕ್ಕೂ ನೋಡಿ ರಸ್ತೆ ದಾಟಿಸಿದ. ಆಚೆ ಬದಿ ಮುಟ್ಟಿದ ಮೇಲೂ ಬಿಡಲಿಲ್ಲ.