ಅಂಗೈಯ ಗುರುತು

ಮತ್ತೊಂದು ಮಗು ಕೆಂಪು ಬಣ್ಣದಲ್ಲಿ ಕೈ ಅದ್ದಿತು, ಆ ಬಿಳಿ ಹೆಂಗಸು ಅದರ ಮಣಿಕಟ್ಟು ಹಿಡಿದು ಹಾಳೆಯ ಮೇಲೆ ಒತ್ತಿಸಿದಳು, ಐದೂ ಬೆರಳು ಸರಿಯಾಗಿ ಕೂರಲೆಂದು ಒಂದೊಂದನ್ನೇ ಅದುಮಿ — ಹೆಬ್ಬೆರಳನ್ನು ಎರಡು ಸಲ ಅದುಮಿದಳಲ್ಲ, ನಾನು ನೋಡಿದೆ, ಶಾಲೆಯ ಅಡುಗೆಮನೆಯ ಕಿಟಕಿಯಿಂದ ಎಲ್ಲ ಕಾಣುತ್ತದೆ, ಕೈಯಲ್ಲಿ ಸೌಟಿದ್ದ ಮಾತ್ರಕ್ಕೆ ಈ ಹುಲಿಯಮ್ಮನಿಗೆ ಕಣ್ಣಿಲ್ಲ ಅಂತಲ್ಲ. ಮಾರ್ತಾ ಅಂತೆ ಹೆಸರು, ಯಾವ ದೇಶವೋ, ಶಿಕಾರಿಪುರದಲ್ಲಿ ರೂಮು ಮಾಡಿಕೊಂಡು ಮೂರು ದಿನದಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದಾಳೆ, ಮೊದಲ ದಿನ ಕಾಗದದ ಕಪ್ಪೆ, ನಿನ್ನೆ ಗುಂಡಿ ಪೋಣಿಸಿದ ಸರ, ಅದೆಲ್ಲ ಮಕ್ಕಳನ್ನು ಹತ್ತಿರ ಮಾಡಿಕೊಳ್ಳುವುದಕ್ಕೆ, ಅಸಲು ಕೆಲಸ ಇವತ್ತಿನದು, ಸಂಬಳವಿಲ್ಲದೆ ಅಷ್ಟು ದೂರದಿಂದ ಯಾರಾದರೂ ಬರುತ್ತಾರೆಯೇ, ಮುಖ ತುಂಬ ನಗು ಬೇರೆ, ಲೋಕಪ್ಪನೂ ಹಾಗೇ ನಕ್ಕಿದ್ದ. ಲೋಕಪ್ಪ ನನ್ನ ಮೈದುನ, ಸೊರಬದ ಕಡೆ ನನ್ನನ್ನು ಕೊಟ್ಟ ಮನೆ, ಗಂಡ ತೀರಿ ತಿಂಗಳೂ ಆಗಿರಲಿಲ್ಲ, ವಿಧವಾ ವೇತನದ ಅರ್ಜಿ ಅತ್ತಿಗೆ, ಇಲ್ಲೊಂದು ಹೆಬ್ಬೆಟ್ಟು, ಇಲ್ಲೊಂದು, ಎಂದು ನನ್ನ ಬೆರಳನ್ನು ತಾನೇ ಹಿಡಿದು ಒತ್ತಿಸಿದ, ಮುಂಗಾರಿಗೆ ಹೊಲಕ್ಕೆ ಹೋದರೆ ಇದು ನಿನ್ನದಲ್ಲ ಎಂದರು, ಹಕ್ಕು ಬಿಟ್ಟುಕೊಟ್ಟವಳು ನಾನೇ ಅಂತೆ, ಕಾಗದದಲ್ಲಿ ನನ್ನದೇ ಬೆರಳಿತ್ತು, ನೀಲಿಯಾಗಿ, ಯಾರ ಹತ್ತಿರ ಹೇಳಲಿ. ತವರಿಗೆ ಬಂದೆ, ಉಡುತಡಿ ಹತ್ತಿರದ ಈ ಊರಿಗೆ, ಅಪ್ಪ ಕೊಟ್ಟ ಅರ್ಧ ಎಕರೆಯನ್ನು ಮೊಮ್ಮಗಳ ಹೆಸರಿಗೆ ಮಾಡಿಸಿದೆ, ತಾಯಿಯಿಲ್ಲದ ಕೂಸು ಸ್ಪಂದನ, ಇದೇ ಶಾಲೆಯಲ್ಲಿ ಒಂದನೇ ಕ್ಲಾಸು, ಪಹಣಿಯಲ್ಲಿ ಅವಳ ಹೆಸರೇ ಇದೆ, ನಾನು ಸತ್ತರೂ ಅವಳಿಗೆ ಅದೊಂದು ಉಳಿಯಬೇಕು — ಅಯ್ಯೋ, ಈಗ ಅವಳ ಸರದಿ, ಕೈ ಚಾಚಿಯೇಬಿಟ್ಟಳು, ಒಲೆ ಸಣ್ಣಗೆ ಮಾಡಿ ಓಡುವಷ್ಟರಲ್ಲಿ ಒತ್ತಿಸಿ ಆಗಿತ್ತು, ಕೆಳಗೆ ಹೆಸರೂ ಬರೆದಳು ಆ ಹೆಂಗಸು, ಇಂಗ್ಲಿಷಿನಲ್ಲಿ, ಆಟಕ್ಕೆ ಹೆಸರು ಯಾಕೆ ಬೇಕು.

ಹಾಳೆಗಳನ್ನು ಜಗಲಿಯಲ್ಲಿ ಒಣಗಲು ಹರವಿದ್ದರು, ಒಂದೊಂದರ ಮೇಲೆ ಒಂದೊಂದು ಕಲ್ಲು, ನೀರು ತರುವವಳ ಹಾಗೆ ಹೋದೆ, ಸ್ಪಂದನಳದ್ದನ್ನು ಸೆರಗಿನೊಳಗೆ ಸೇರಿಸಿಕೊಂಡು ಬಂದು ಗ್ಯಾಸಿನ ಉರಿಗೆ ಹಿಡಿದೆ, ಹಾಳೆಯ ಮೇಲಿನ ಕಿರುಬೆರಳು ಮೊದಲು ಸುರುಟಿಕೊಂಡಿತು. ಆಮೇಲೆ ಕೂಸನ್ನು ನಲ್ಲಿಗೆ ಎಳೆದುಕೊಂಡು ಹೋಗಿ ಪಾತ್ರೆ ತೊಳೆಯುವ ಸೋಪಿನಲ್ಲಿ ಉಜ್ಜಿದೆ, ಬಣ್ಣ ಹೋಯಿತೋ ಚರ್ಮವೇ ಕೆಂಪಾಯಿತೋ ತಿಳಿಯಲಿಲ್ಲ, ಉರಿ ಅಜ್ಜಿ ಉರಿ ಎಂದು ಅತ್ತಳು, ಯಾರು ಕೇಳಿದ್ರೂ ಕೈ ಬಿಚ್ಚಬ್ಯಾಡ, ಬಿಚ್ಚಿದ್ರೆ ನಮ್ಮ ಹೊಲ ಹೋಗ್ತೈತೆ, ತಿಳೀತಾ, ಎಂದೆ, ತಲೆಯಾಡಿಸಿದಳು. ಈಗ ಊಟದ ಗಂಟೆಗೆ ಮುಂಚೆ ಗಂಗಾಶ್ರೀ ಟೀಚರ್ ಕರೆಯುತ್ತಿದ್ದಾರೆ, ಬರ್ರಿ ಹುಲಿಯಮ್ಮ, ನಿಮ್ಮ ಮಕ್ಕಳ ಮರ ನೋಡ್ರಿ, ಗೋಡೆಯ ಮೇಲೆ ಕಂದು ಕಾಗದದ ಬೊಡ್ಡೆ, ಅದರ ತುಂಬ ಕತ್ತರಿಸಿ ಅಂಟಿಸಿದ ಕೈಗಳು, ಎಲೆಯಂತೆ, ಒಂದೊಂದು ಎಲೆಯ ಮೇಲೆ ಒಂದೊಂದು ಹೆಸರು, ಇಷ್ಟೆಯೇ — ಇಷ್ಟೇ ಇರಲಿಕ್ಕಿಲ್ಲ, ಫೋಟೊ ಹೊಡೆದುಕೊಂಡಿರಬಹುದು — ಆದರೂ ಆ ಹೆಂಗಸು ಜಮಖಾನದ ಕೆಳಗೆ, ಬೆಂಚಿನ ಹಿಂದೆ ಮಂಡಿಯೂರಿ ಹುಡುಕುತ್ತಿದ್ದಾಳೆ, ಸ್ಪಂದನಳ ಎಲೆ ಇಲ್ಲ, ನೀವೇನಾದ್ರೂ ಕಂಡ್ರಾ, ಎಂದರು ಟೀಚರ್, ಗಾಳಿಗೆ ಹಾರಿರಬೇಕು ಟೀಚರೆ, ಎಂದೆ. ಮಾರ್ತಾ ಕೂಸಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಏನೋ ಹೇಳುತ್ತಾಳೆ, ತಪ್ಪು ನನ್ನದು, ಇನ್ನೊಂದು ಮಾಡೋಣ ಅಂತಿದಾರೆ ಎನ್ನುತ್ತಾರೆ ಟೀಚರ್, ತಪ್ಪು ಅವಳದಂತೆ, ನಾಚಿಕೆಯಿಂದ ಮೈಯೆಲ್ಲ ಬೆವರುತ್ತಿದೆ, ಹೊಸ ಹಾಳೆ, ಬಣ್ಣದ ತಟ್ಟೆ, ಸ್ಪಂದನ ನನ್ನನ್ನೇ ನೋಡುತ್ತಾಳೆ. ಒತ್ತು ಕೂಸೆ, ಆಟ ಅದು, ನಾನೇ ಹೇಳ್ತಿದೀನಿ. ಬ್ಯಾಡ ಅಜ್ಜಿ, ಹೊಲ ಹೋಗ್ತೈತೆ. ಟೀಚರ್ ನನ್ನ ಕಡೆ ತಿರುಗಿದರು, ಮಕ್ಕಳೆಲ್ಲ ತಿರುಗಿದರು, ಇಲ್ಲ ಕಣೆ, ಹೋಗಲ್ಲ, ಅಜ್ಜಿ ಸುಮ್ಮನೆ ಅಂದಿದ್ದು, ಅವಳ ಮಣಿಕಟ್ಟು ಹಿಡಿದಿದ್ದೇನೆ, ಒಂದು ಬೆರಳು ಬಿಡಿಸಿದರೆ ಇನ್ನೊಂದು ಮುಚ್ಚುತ್ತದೆ, ಇಷ್ಟು ಸಣ್ಣ ಕೈಗೆ ಎಲ್ಲಿಂದ ಬಂತು ಈ ಬಲ, ಬಿಡು ಕೂಸೆ, ಬಿಡೆ, ಆ ಮುಷ್ಟಿ, ಹೆಬ್ಬೆರಳನ್ನು ಒಳಗೆ ಬಚ್ಚಿಟ್ಟುಕೊಂಡ ಮುಷ್ಟಿ, ಹೆಬ್ಬೆರಳು ಒಳಗೆ, ಆ ಮುಷ್ಟಿ —