ಬಿಚ್ಚಬೇಡಿ ಮಾವ

ದಟ್ಟಗಳ್ಳಿಯಲ್ಲಿ ಸಿದ್ದಮಲ್ಲಪ್ಪನವರ ಮನೆ ಮಹಡಿಯ ಮೇಲೆ, ಮಗ ಮಹೇಶನ ಗಾಜಿನ ಅಂಗಡಿ ಕೆಳಗೆ. ಬೆಳಿಗ್ಗೆ ಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿ, ಹೆಗಲಿಗೊಂದು ಟವೆಲು ಹಾಕಿಕೊಂಡು ಅಂಗಡಿಯ ಮುಂದೆ ಕೂರುವುದು ಅವರ ವಾಡಿಕೆ. ಅಂದು ಭಾನುವಾರ. ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಸೊಸೆ ಸುಷ್ಮಾ ಮಾವನಿಗೆ ಕಾಫಿ ಕೊಟ್ಟು ತಿರುಗುವಷ್ಟರಲ್ಲಿ ಒಳಗೆ ಗಾಜು ಒಡೆದ ಸದ್ದು, ಅದರ ಹಿಂದೆಯೇ ಮಹೇಶನ ಕೂಗು ಕೇಳಿತು. ಇಬ್ಬರೂ ಒಳಗೆ ಓಡಿದರು.

ಎತ್ತುತ್ತಿದ್ದ ದೊಡ್ಡ ಗಾಜು ನಡುವೆ ಸೀಳಿ ಅವನ ಎಡ ಮುಂಗೈಯನ್ನು ಆಳವಾಗಿ ಕೊಯ್ದಿತ್ತು. ರಕ್ತ ಚಿಮ್ಮುತ್ತಿತ್ತು. ಸುಷ್ಮಾ ತನ್ನ ವೇಲನ್ನು ಮುದ್ದೆ ಮಾಡಿ, ಮೈಭಾರವನ್ನೆಲ್ಲ ಹಾಕಿ ಗಾಯವನ್ನು ಅದುಮಿದಳು. ವೇಲು ನೆನೆಯಿತೇ ಹೊರತು ರಕ್ತ ನಿಲ್ಲಲಿಲ್ಲ.

“ಮಾವ, ನಿಮ್ಮ ಟವೆಲು ಕೊಡಿ. ಇಲ್ಲಿ ಒತ್ತಿ ಹಿಡ್ಕೊಳಿ, ಬಿಡಬೇಡಿ.”

ಟವೆಲನ್ನು ನಾಲ್ಕು ಬೆರಳಗಲ ಮಡಿಸಿ, ಮೊಣಕೈಗಿಂತ ಮೇಲೆ ತೋಳಿಗೆ ಸುತ್ತಿ ಗಂಟು ಹಾಕಿದಳು. ಗಂಟಿನ ಮೇಲೆ ಸ್ಕ್ರೂಡ್ರೈವರ್ ಇಟ್ಟು ಮತ್ತೊಂದು ಗಂಟು ಬಿಗಿದು ತಿರುಗಿಸತೊಡಗಿದಳು. ಮಹೇಶ ಚೀರಿದ. ರಕ್ತ ನಿಲ್ಲುವವರೆಗೂ ಅವಳು ತಿರುಗಿಸುವುದನ್ನು ನಿಲ್ಲಿಸಲಿಲ್ಲ. ಸ್ಕ್ರೂಡ್ರೈವರ್ ಜಾರದಂತೆ ಕಟ್ಟಿ, ಕಟ್ಟಿದ ಹೊತ್ತು ತಿಳಿಯಲೆಂದು ಗಾಜಿಗೆ ಗುರುತು ಹಾಕುವ ಮಾರ್ಕರಿನಿಂದ ಗಂಡನ ಹಣೆಯ ಮೇಲೆ ‘10.20’ ಎಂದು ಬರೆದಳು.

ಪಕ್ಕದ ವೆಲ್ಡಿಂಗ್ ಅಂಗಡಿಯ ಯೋಗೇಂದ್ರ ಕಾರು ತಂದ. ಹಿಂದಿನ ಸೀಟಿನಲ್ಲಿ ಅಪ್ಪ ಮತ್ತು ಹೆಂಡತಿಯ ನಡುವೆ ಮಹೇಶ ಹಲ್ಲು ಕಚ್ಚಿ ಕುಳಿತಿದ್ದ. ಅವನ ಬೆರಳುಗಳು ಬಿಳಿಚಿಕೊಂಡಿದ್ದವು.

ಆ ಬೆರಳುಗಳನ್ನು ನೋಡುತ್ತ ಸಿದ್ದಮಲ್ಲಪ್ಪನವರಿಗೆ ತಮ್ಮ ಸಿದ್ದಲಿಂಗಸ್ವಾಮಿ ನೆನಪಾದ. ಅವನ ಕೈ ಹಿಂದೊಮ್ಮೆ ಕಬ್ಬಿನ ಗಾಣಕ್ಕೆ ಸಿಕ್ಕಿತ್ತು. ಯಾರೋ ನೈಲಾನ್ ದಾರ ಬಿಗಿದರು, ಇನ್ಯಾರೋ ಅದರ ಮೇಲೆ ಬಟ್ಟೆ ಸುತ್ತಿದರು. ಎರಡು ಆಸ್ಪತ್ರೆ ಸುತ್ತಿ ಸಂಜೆ ಬಟ್ಟೆ ಬಿಚ್ಚಿದಾಗ ಕೈ ಕಪ್ಪಗಾಗಿತ್ತು. ಅದನ್ನು ಕತ್ತರಿಸಿ ತೆಗೆಯಬೇಕಾಯಿತು.

“ಅಪ್ಪಾಜಿ, ತಡ್ಕೊಳಕ್ಕಾಗ್ತಿಲ್ಲ. ಚೂರು ಸಡಿಲ ಮಾಡಿ,” ಎಂದು ಮಹೇಶ ನರಳಿದ.

ಸಿದ್ದಮಲ್ಲಪ್ಪನವರ ಕೈ ಸ್ಕ್ರೂಡ್ರೈವರಿನತ್ತ ಚಾಚಿತು. ಸುಷ್ಮಾ ಆ ಕೈಯನ್ನು ಹಿಡಿದುಕೊಂಡಳು.

“ಬಿಚ್ಚಬೇಡಿ ಮಾವ.”

“ಕೈ ಸತ್ತೋಗ್ತದೆ ಕಣಮ್ಮ! ನನ್ ತಮ್ಮನ್ನ ಕಣ್ಣಾರೆ ನೋಡಿದೀನಿ. ನಿಂಗೇನ್ ಗೊತ್ತು?”

“ನಿಮ್ಮ ಭಯ ಸುಳ್ಳಲ್ಲ ಮಾವ. ಹೊತ್ತು ಮೀರಿದ್ರೆ ಕೈ ಹೋಗತ್ತೆ, ನಿಜ. ಆದ್ರೆ ಈಗ ಸಡಿಲ ಮಾಡಿದ್ರೆ ನಿಂತಿರೋ ರಕ್ತ ಮತ್ತೆ ಚಿಮ್ಮತ್ತೆ, ಜೀವಕ್ಕೇ ಅಪಾಯ. ಫ್ಯಾಕ್ಟ್ರಿ ಟ್ರೈನಿಂಗಲ್ಲಿ ಇದನ್ನೇ ಒತ್ತಿ ಒತ್ತಿ ಹೇಳಿದ್ರು. ಎರಡು ಗಂಟೆ ಒಳಗೆ ಡಾಕ್ಟರ ಕೈಗೆ ಒಪ್ಪಿಸ್ಬೇಕು, ಬಿಚ್ಚೋದು ಅವರೇ. ಚಿಕ್ಕಮಾವಂಗೆ ದಾರ ಕಟ್ಟಿದ್ರು, ಅದು ನರಕ್ಕೇ ಇಳೀತು. ಸಾಲದ್ದಕ್ಕೆ ಮೇಲೆ ಬಟ್ಟೆ ಮುಚ್ಚಿ, ಕಟ್ಟಿರೋದನ್ನೇ ಎಲ್ರೂ ಮರೆತ್ರು. ನಾವು ಮರೆಯಲ್ಲ.”

ಸಿದ್ದಮಲ್ಲಪ್ಪನವರು ಕೈಯನ್ನು ಹಿಂದಕ್ಕೆಳೆದುಕೊಂಡು ಮಗನ ಬೆನ್ನು ನೇವರಿಸತೊಡಗಿದರು.

ಆಸ್ಪತ್ರೆಯ ತುರ್ತು ವಿಭಾಗಕ್ಕೆ ಆಗಷ್ಟೇ ಯಾವುದೋ ಬಸ್ಸಿನ ಅಪಘಾತದವರು ಬಂದಿದ್ದರು. ಎಲ್ಲರೂ ಓಡಾಡುತ್ತಿದ್ದರು. ಸುಷ್ಮಾ ಹೆಸರು ಬರೆಸಲು ಕೌಂಟರಿಗೆ ಹೋದಳು. ಅವಸರದಲ್ಲಿದ್ದ ನರ್ಸೊಬ್ಬಳು ಮಹೇಶನನ್ನು ಮಂಚದ ಮೇಲೆ ಮಲಗಿಸಿ, ನಡುಗುತ್ತಿದ್ದ ಅವನಿಗೆ ಕುತ್ತಿಗೆಯವರೆಗೂ ಹೊದಿಕೆ ಹೊದಿಸಿದಳು. “ರಕ್ತ ನಿಂತಿದೆಯಲ್ಲ, ಸ್ವಲ್ಪ ಕಾಯಿರಿ” ಎಂದು ಆಚೆ ಓಡಿದಳು. ನೋವಿಗೆ ಸೋತ ಮಹೇಶ ಕಣ್ಣು ಮುಚ್ಚಿದ್ದ.

ತೋಳಿನ ಕಟ್ಟು ಹೊದಿಕೆಯಡಿ ಮರೆಯಾಗಿತ್ತು.

ಡಾಕ್ಟರ ಮುಂದೆ ದನಿಯೆತ್ತಿ ಮಾತಾಡಿ ಗೊತ್ತಿಲ್ಲದ ಸಿದ್ದಮಲ್ಲಪ್ಪನವರು ಆ ಹೊದಿಕೆಯನ್ನು ಎಳೆದು ಮಗನ ತೋಳನ್ನು ಹೊರಗಿಟ್ಟರು. ದಾಟಿಹೋಗುತ್ತಿದ್ದ ಯುವ ವೈದ್ಯೆಗೆ ನೇರವಾಗಿ ಅಡ್ಡ ನಿಂತರು.

“ತಾಯೀ, ನನ್ ಮಗನ ತೋಳು ಬಿಗಿದು ಕಟ್ಟಿದೆ. ಹತ್ತು ಇಪ್ಪತ್ತಕ್ಕೆ ಕಟ್ಟಿದ್ದು, ಹನ್ನೊಂದಾಯ್ತು. ಕಾಯೋಕಾಗಲ್ಲ, ಈಗ್ಲೇ ನೋಡಿ.”

ವೈದ್ಯೆ ತೋಳನ್ನು, ಆಮೇಲೆ ಹಣೆಯ ಅಂಕಿಗಳನ್ನು ನೋಡಿದರು. “ಸಿಸ್ಟರ್, ಇವರನ್ನ ಮೊದಲು ಒಳಗೆ ತಗೊಳ್ಳಿ! ಸರ್ಜನ್‌ಗೆ ಫೋನ್ ಮಾಡಿ.”

ಕೌಂಟರಿನಿಂದ ಓಡಿಬಂದ ಸುಷ್ಮಾ ಕಂಡದ್ದು ಒಳಗೆ ಹೋಗುತ್ತಿದ್ದ ಮಂಚವನ್ನು, ಅದರ ಪಕ್ಕ ಬಿರುಸಾಗಿ ನಡೆಯುತ್ತ “ಹತ್ತು ಇಪ್ಪತ್ತು, ಹತ್ತು ಇಪ್ಪತ್ತು” ಎಂದು ಎಲ್ಲರಿಗೂ ಹೇಳುತ್ತಿದ್ದ ಮಾವನನ್ನು.

ತುಂಡಾಗಿದ್ದ ರಕ್ತನಾಳವನ್ನು ಸರ್ಜನ್ ಜೋಡಿಸಿದರು. ಮಾರನೆಯ ದಿನ ಮಹೇಶ ಬೆರಳುಗಳನ್ನು ಒಂದೊಂದಾಗಿ ಆಡಿಸಿ ತೋರಿಸಿದಾಗ ಸಿದ್ದಮಲ್ಲಪ್ಪನವರು ಗೋಡೆಯತ್ತ ತಿರುಗಿ ಕಣ್ಣೊರೆಸಿಕೊಂಡರು.

ಕೆಲವು ವಾರಗಳ ನಂತರ ಸುಷ್ಮಾ ಆ ರಸ್ತೆಯ ವೆಲ್ಡಿಂಗ್, ಮರಗೆಲಸದ ಅಂಗಡಿಯವರನ್ನೆಲ್ಲ ಸೇರಿಸಿದಳು. ಮೊದಲು ಗಾಯವನ್ನು ಒತ್ತಿ ಹಿಡಿಯುವುದು, ಅದಕ್ಕೂ ರಕ್ತ ನಿಲ್ಲದಿದ್ದರೆ ಮಾತ್ರ ಅಗಲ ಪಟ್ಟಿ ಕಟ್ಟುವುದು, ಕಟ್ಟಿದ ಹೊತ್ತು ಬರೆಯುವುದು. ಎಲ್ಲವನ್ನೂ ಬಿಡಿಸಿ ಹೇಳಿ, “ಅಭ್ಯಾಸಕ್ಕೆ ಒಂದು ಕ್ಷಣ ಬಿಗಿದು ತಕ್ಷಣ ಬಿಚ್ತೀವಿ. ಯಾರು ಕೈ ಕೊಡ್ತೀರಿ?” ಎಂದು ಕೇಳಿದಳು.

ಸಿದ್ದಮಲ್ಲಪ್ಪನವರು ಕುರ್ಚಿಯಿಂದೆದ್ದು ಬಂದು ಅಂಗಿಯ ತೋಳು ಮೇಲಕ್ಕೆ ಮಡಿಸಿದರು.

ಯೋಗೇಂದ್ರ ಹಿಂಜರಿಯುತ್ತಲೇ ಪಟ್ಟಿ ಸುತ್ತಿ ಕೋಲು ತಿರುಗಿಸಿದ. ಅವರ ಹುಬ್ಬು ಗಂಟಿಕ್ಕಿದ್ದು ಕಂಡು ಕೈ ನಿಲ್ಲಿಸಿದ.

“ಸಾಕಲ್ವಾ ಯಜಮಾನ್ರೇ? ನಿಮಗೆ ನೋವಾಗ್ತದೆ.”

“ಆಗ್ಲೇಬೇಕು ಕಣಯ್ಯ. ಅರೆಬರೆ ಕಟ್ಟಿದ್ರೆ ರಕ್ತ ನಿಲ್ಲಲ್ಲ,” ಎಂದು ಸಿದ್ದಮಲ್ಲಪ್ಪನವರು ತೋಳನ್ನು ಇನ್ನಷ್ಟು ಮುಂದೆ ಚಾಚಿದರು. “ಹೆದರ್ಕೋಬೇಡ. ಇನ್ನೊಂದು ಸುತ್ತು ತಿರುಗಿಸು.”