ಅರಬ್ಬಿ ಬಲ್ಲ ಟೀಚರ್

“ಅರಬ್ಬಿ ಸಿನಿಮಾರಿ ಇದು. ನೀವೇ ಹೇಳ್ಬೇಕು ಟೀಚರ್” ಎಂದು ಶಿವಯೋಗಿ ಮೈಕನ್ನು ತಬಸ್ಸುಮ್‌ ಕೈಗೆ ತುರುಕಿಯೇಬಿಟ್ಟ. ಕೊಟ್ಟೂರಿನ ಸಿನಿಮಾ ಬಳಗ ಕಟ್ಟಿದವನು ಅವನೇ.

“ನನಗೆಲ್ಲಿ ಅರಬ್ಬಿ ಬರತೈತ್ರಿ? ಕುರಾನ್ ಓದಾಕ ಬರತೈತಿ, ಅರ್ಥ ಆಗಂಗಿಲ್ಲ. ನಮ್ಮಪ್ಪ ಕೂಡ್ಲಿಗ್ಯಾಗ ಪಂಪ್‌ಸೆಟ್ ರಿಪೇರಿ ಮಾಡಾವ್ರಿ, ದುಬೈದಾಗಲ್ಲ.”

“ನಿಮ್ಮೋರ ಮಾತು ನಿಮಗ ತಿಳೀದ ಇನ್ಯಾರಿಗೆ ತಿಳೀತೈತಿ, ಬಿಡ್ರಿ!”

ನಲವತ್ತು ಜನ ಕೂತಿದ್ದರು. ಪರದೆಯ ಕೆಳಗೆ ಇಂಗ್ಲಿಷ್ ಅಕ್ಷರ, ಕೂತಲ್ಲಿಂದ ಓದಲಾಗದಷ್ಟು ಸಣ್ಣಗೆ, ಇರುವೆ ಸಾಲಿನಂತೆ ಹರಿಯುತ್ತಿತ್ತು. ಲ್ಯಾಪ್‌ಟಾಪ್ ಪಕ್ಕ ಕೂತ ತಬಸ್ಸುಮ್ ಅದನ್ನೇ ಓದಿ ಕನ್ನಡದಲ್ಲಿ ಹೇಳತೊಡಗಿದಳು.

ಮುಂದಿನ ಸಾಲಿನಲ್ಲಿ, ಬಾಡಿಗೆಗೆ ಮನೆ ಇಟ್ಟಿದ್ದ ವೀರಭದ್ರಯ್ಯ. ಹೋದ ವಾರ ತಬಸ್ಸುಮ್‌ಗೆ ಫೋನಿನಲ್ಲಿ, “ಹೈಸ್ಕೂಲ್ ಟೀಚರ್ ಅಂದ್ರ ಮುಗೀತವ್ವ, ನಾಳೆ ಬಂದು ಬೀಗದಕೈ ತಗೊಂಡು ಹೋಗ್ರಿ” ಎಂದಿದ್ದರು. ಮರುದಿನ ಬಾಗಿಲಲ್ಲಿ ಬುರ್ಖಾ ತೊಟ್ಟ ಅವಳ ತಾಯಿ ಸೈದಾ ಬೀಯನ್ನು ಕಂಡದ್ದೇ, ಮನೆಯ ಹೆಂಗಸರ ನೆಪದೊಂದಿಗೆ ಬೀಗದಕೈ ಮತ್ತೆ ಅವರ ಕಿಸೆ ಸೇರಿತ್ತು. ಇವತ್ತು ಮೆಟ್ಟಿಲಲ್ಲಿ ಮಾತ್ರ, “ಸಿನಿಮಾ ಮುಗೀಲಿ, ಮನಿ ವಿಷಯ ಮಾತಾಡಣ” ಎಂದಿದ್ದರು. ಅದಕ್ಕೇ ಸೈದಾ ಬೀ ಮಗಳ ಪಕ್ಕ ಆಸೆ ಹೊತ್ತು ಕೂತಿದ್ದಳು.

ಸಿನಿಮಾದಲ್ಲಿ ಚಳಿಯ ಊರು. ಟ್ಯಾಕ್ಸಿ ಓಡಿಸುವ ಗಂಡ, ಇಬ್ಬರು ಹೆಣ್ಣುಮಕ್ಕಳು, ಈರುಳ್ಳಿ ಹುರಿಯುವ ಮೊದಲು ಕಿಟಕಿ ಮುಚ್ಚುವ ಹೆಂಡತಿ. ಯಾರು ಏನಂದರೂ ಆಕೆ ನಗುತ್ತಾಳೆ. ಒಳ್ಳೆಯವಳೆಂದು ತೋರಿಸಲು ಇಷ್ಟೊಂದು ನಗಿಸಬೇಕಿತ್ತೇ ಎಂದು ತಬಸ್ಸುಮ್‌ಗೆ ಮೈಯುರಿಯಿತು.

ಎಲ್ಲೂ ಮನೆ ಸಿಗದೆ ಆ ಕುಟುಂಬ ಪೆಟ್ಟಿಗೆ ಹಿಡಿದು ಮತ್ತೊಂದು ಬಾಡಿಗೆ ಮನೆಯ ಬಾಗಿಲಲ್ಲಿ ನಿಂತಿತು. ವೀರಭದ್ರಯ್ಯ ಟವೆಲಿನಿಂದ ಕಣ್ಣೊರೆಸಿಕೊಂಡರು. “ಪಾಪ! ಎಂಥಾ ಕಲ್ಲು ಮನಸಿನ ಮಂದಿ ಅದಾರ ನೋಡ್ರಿ ಆ ದೇಶದಾಗ.”

ಪರದೆಯ ಮೇಲೆ ಬಾಗಿಲು ತೆರೆದ ಮುದುಕ ‘ಮನೆ ಖಾಲಿಯಿಲ್ಲ’ ಎಂದಷ್ಟೇ ಹೇಳಿದ. ತಬಸ್ಸುಮ್ ಮೈಕು ಬಾಯಿಗೆ ಹಿಡಿದಳು.

“ನಮ್ದೇನಿಲ್ಲವ್ವ. ಕೊಡಾಕ ನಾ ತಯಾರದೀನಿ. ಆದ್ರ ನಮ್ಮನಿ ಹೆಂಗಸ್ರು ಲಿಂಗಪೂಜಿ ಮಾಡೋರು. ನಿಮ್ಮ ಒಗ್ಗರಣಿ ವಾಸನಿ ಅವರಿಗೆ ಆಗಂಗಿಲ್ಲ.”

ಹಾಲ್ ಗೊಳ್ಳೆಂದಿತು. “ಥೇಟ್ ನಮ್ಮ ಕೊಟ್ಟೂರು ಮಂದಿ ಅದಾನಲ್ಲಲೇ ಇಂವ!”

ವೀರಭದ್ರಯ್ಯನವರ ಟವೆಲು ಅಲ್ಲೇ ನಿಂತಿತು. “ಟೀಚರ್, ಅಷ್ಟುದ್ದ ಅಂದ್ನೇನ್ರಿ ಅವ?”

“ಮಾತು ಸಣ್ಣದ್ರಿ ಯಜಮಾನ್ರ. ಅರ್ಥ ಉದ್ದ ಐತಿ. ಬೀಗದಕೈ ಕಿಸೆದಾಗ ಐತಿ, ಮನಿ ಮಾತ್ರ ಖಾಲಿ ಇಲ್ಲ ಅಂತಾನ.”

ವೀರಭದ್ರಯ್ಯ ದಡಕ್ಕನೆ ಎದ್ದರು. ಅವರ ತಲೆಯ ನೆರಳು ಪರದೆಯ ಮುದುಕನ ಎದೆ ಮೇಲೆ ಬಿತ್ತು.

“ಕುಂದರ್ರಿ ಅಜ್ಜಾರ, ಪರದಿ ಕಾಣವಲ್ದು!” ಎಂದು ಹಿಂದಿನವರು ಕೂಗಿದರು. ವೀರಭದ್ರಯ್ಯ ಕೂತರು. ತಿರುಗಿ ತಬಸ್ಸುಮ್‌ಳನ್ನು ನೋಡಿದ ನೋಟದಲ್ಲಿ ಕಣ್ಣೀರಿನ ಗುರುತಿರಲಿಲ್ಲ.

ಸೈದಾ ಬೀ ಮಗಳ ಮುಂಗೈ ಚಿವುಟಿದಳು. “ಹೋತು ಮನಿ. ಇನ್ನಾದ್ರೂ ಸುಮ್ನಿರು ಬೇಟಿ.”

ಕೊನೆಯ ದೃಶ್ಯ. ಆ ಹೆಂಗಸು ತಟ್ಟೆ ತುಂಬ ಸಿಹಿ ಹೊತ್ತು ಅದೇ ಮುದುಕನ ಬಾಗಿಲು ಬಡಿದಳು. ಮತ್ತೆ ಅದೇ ನಗು. ‘ನಮಗೆ ನಿಮ್ಮ ಮೇಲೆ ಸಿಟ್ಟಿಲ್ಲ’ ಎಂದಿತು ಇಂಗ್ಲಿಷ್ ಸಾಲು. ತಬಸ್ಸುಮ್ ಅದನ್ನು ಮನಸ್ಸಿನಲ್ಲೇ ಓದಿದಳು. ಮೈಕು ಆರಿಸಿ ಮೇಜಿನ ಮೇಲಿಟ್ಟಳು.

“ಏನಂತಾಳಂತ್ರಿ ಆಕಿ?” ಹಿಂದಿನಿಂದ ಯಾರೋ ಕೇಳಿದರು.

“ಟೀಚರ್, ಹೇಳ್ರಿ!” ಶಿವಯೋಗಿ ಓಡಿಬಂದ.

“ನನಗ ಅರಬ್ಬಿ ಬರಂಗಿಲ್ರಿ.”

ಪರದೆಯ ಮೇಲೆ ಆಕೆ ತಟ್ಟೆ ಮುಂದೆ ಚಾಚಿ ಮಾತಾಡುತ್ತಲೇ ಇದ್ದಳು. ನಲವತ್ತು ಜನ ಆಕೆಯ ತುಟಿಯನ್ನೇ ನೋಡುತ್ತ ಕೂತರು.